ಹಾಸು ಕಪ್ಪು, ಹೊಕ್ಕು ನೀಲಿ

ಎಳ್ಳ ಅಮಾವಾಸ್ಯೆ ಮುಗಿದ ವಾರ ಐದನೇ ಕ್ಲಾಸಿನ ಮಕ್ಕಳಿಗೆ ‘ಹಬ್ಬದ ದಿನ ನಮ್ಮ ಹೊಲ’ ಅಂತ ಒಂದು ಪ್ರಬಂಧ ಬರೆಯಲು ಹೇಳಿದ್ದೆ. ಬಾಗಲಕೋಟೆ ಜಿಲ್ಲೆಯ ಈ ಭಾಗದಲ್ಲಿ ಅವತ್ತು ಮನೆಯಲ್ಲಿ ಉಳಿಯುವವರು ಕಡಿಮೆ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಸ್ವಂತ ಹೊಲ ಇಲ್ಲದವರು ಇದ್ದವರ ಜೊತೆ ಹೋಗುತ್ತಾರೆ. ಪೈರಿಗೆ ಪೂಜೆ ಮಾಡಿ, ಚರಗ ಚೆಲ್ಲಿ, ಅಂದರೆ ನೈವೇದ್ಯವನ್ನು ಹೊಲದಲ್ಲೆಲ್ಲ ಎರಚಿ, ಅಲ್ಲೇ ಕೂತು ಉಣ್ಣುತ್ತಾರೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಶೇಂಗಾ ಹೋಳಿಗೆ. ಬರೆಯೋದಕ್ಕೆ ಇದಕ್ಕಿಂತ ಜಾಸ್ತಿ ಇನ್ನೇನು ಬೇಕು?

ನೋಟ್‌ಬುಕ್ ತೆಗೆದು ನೋಡಿದರೆ ಎಲ್ಲರ ಹೊಲವೂ ಒಂದೇ. ‘ನಮ್ಮ ಹೊಲ ಹಚ್ಚ ಹಸಿರಾಗಿತ್ತು. ಪ್ರಕೃತಿ ತುಂಬಾ ಸುಂದರವಾಗಿತ್ತು. ನಮಗೆ ತುಂಬಾ ಸಂತೋಷವಾಯಿತು.’ ಅಕ್ಷರ ದುಂಡಗಿದೆ, ತಪ್ಪು ಕಡಿಮೆ, ಕೊನೆಗೆ ಪೂರ್ಣವಿರಾಮವೂ ಇದೆ. ಆದರೆ ಇವರಲ್ಲಿ ಯಾರಾದರೂ ಹೊಲಕ್ಕೆ ಹೋಗಿದ್ದರಾ ಅನ್ನುವ ಅನುಮಾನ ಬರುವಂತಿತ್ತು. ಹೋಗಿದ್ದರು. ಮರುದಿನ ಅರ್ಧ ಕ್ಲಾಸಿಗೆ ಹೊಟ್ಟೆನೋವು, ಅದೇ ಸಾಕ್ಷಿ.

ಆ ಹೊತ್ತಿಗೆ ಇಲ್ಲಿನ ಹೊಲ ಹಸಿರಾಗಿ ಇರುವುದು ನಿಜ. ಆದರೆ ಎಷ್ಟು ಬಗೆಯ ಹಸಿರು! ಎತ್ತರಕ್ಕೆ ಬೆಳೆದ ಬಿಳಿಜೋಳದ ಗರಿಯದು ಒಂದು ಹಸಿರು. ನೆಲಕ್ಕೆ ಹತ್ತಿಕೊಂಡಿರುವ ಕಡಲೆ ಗಿಡದ್ದು ಬೂದಿ ಕಲೆಸಿದಂಥ ಇನ್ನೊಂದು. ಕುಸುಬೆಯ ಮುಳ್ಳೆಲೆಯದು ಮತ್ತೊಂದು, ಅದರ ತುದಿಯಲ್ಲಿ ಆಗಷ್ಟೇ ಬಿಚ್ಚಿಕೊಳ್ಳುತ್ತಿರುವ ಹಳದಿ. ಕುಸುಬೆ ಹೂವು ಹಳದಿಯಾಗಿ ಅರಳಿ ಬಾಡುತ್ತಾ ಕೆಂಪಿನ ಕಡೆ ತಿರುಗುತ್ತದೆ. ಇವೆಲ್ಲದರ ಮಧ್ಯೆ ಬಿರುಕು ಬಿಟ್ಟ ಕಪ್ಪು ಎರೆಮಣ್ಣು. ನಾನು ಹಾಸನದ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಮೊದಲ ಸಲ ನೋಡಿದಾಗ ಆ ಮಣ್ಣಿನ ಕಪ್ಪೇ ನನಗೆ ಒಂದು ಬೆರಗು. ಇದನ್ನೆಲ್ಲ ದಿನಾ ನೋಡುವ ಮಕ್ಕಳು ‘ಹಚ್ಚ ಹಸಿರು’ ಅಂತ ಎರಡು ಪದದಲ್ಲಿ ಮುಗಿಸಿಬಿಟ್ಟರೆ ಹೇಗೆ?

ಆ ಎರಡು ಪದ ಎಲ್ಲಿಂದ ಬಂದವು ಅಂತ ಗೊತ್ತಿದೆ. ಗೈಡುಗಳಿಂದ. ಅಲ್ಲಿ ಹೊಲ ಹಚ್ಚ ಹಸಿರೇ, ಹಾಲು ಬೆಳ್ಳಗೇ, ಆಕಾಶ ನೀಲಿಯೇ. ಮಳೆಗಾಲದ ಬಗ್ಗೆ ಬರೆದ ಪ್ರಬಂಧದಲ್ಲೂ ಆಕಾಶ ನೀಲಿ ಇದ್ದದ್ದನ್ನು ನಾನೇ ಓದಿದ್ದೇನೆ.

ಮಕ್ಕಳ ಬರಹಕ್ಕೆ ಬಣ್ಣ ತುಂಬಿಸಲು ಒಂದು ಸುಲಭದ ದಾರಿ ಬಹಳ ಜನರಿಗೆ ಗೊತ್ತು. ಬೋರ್ಡಿನ ಮೇಲೆ ಬಣ್ಣಗಳ ಪಟ್ಟಿ ಬರೆಯುವುದು, ಪ್ರತಿ ವಾಕ್ಯಕ್ಕೂ ಒಂದು ಬಣ್ಣ ಸೇರಿಸಿ ಅನ್ನುವುದು. ನನಗೆ ಅದು ಹಿಡಿಸುವುದಿಲ್ಲ. ಹಾಗೆ ಮಾಡಿದರೆ ‘ನನ್ನ ಕೆಂಪು ಅಂಗಿಯ ತಮ್ಮ ಹಳದಿ ಡಬ್ಬಿಯ ಬಿಳಿ ಅನ್ನವನ್ನು ನೀಲಿ ಆಕಾಶದ ಕೆಳಗೆ ಉಂಡನು’ ಅಂತ ಬರುತ್ತದೆ. ಬಣ್ಣ ನಾಲ್ಕು ಇದ್ದರೂ ಕಣ್ಣಿಗೆ ಏನೂ ಕಾಣುವುದಿಲ್ಲ. ಕ್ರೇಯಾನ್ ಡಬ್ಬಿಯ ಹೆಸರುಗಳನ್ನು ಸಾಲಾಗಿ ಓದಿದಂತೆ ಅಷ್ಟೇ.

ತಿಂಗಳಿಗೊಂದು ಶನಿವಾರ ನಮ್ಮಲ್ಲಿ ಮಕ್ಕಳು ಬ್ಯಾಗ್ ತರುವಂತಿಲ್ಲ. ಆ ಶನಿವಾರಕ್ಕೆ ಕಾದು, ಹಿಂದಿನ ದಿನವೇ ಹೇಳಿ ಕಳಿಸಿದೆ: ‘ನಾಳೆ ಬರುವಾಗ ಮನೆಯಿಂದ ಒಂದೊಂದು ಬಣ್ಣ ತನ್ನಿ. ಪೇಂಟ್ ಬೇಡ, ಪೆನ್ಸಿಲ್ ಬೇಡ, ದುಡ್ಡು ಕೊಟ್ಟು ಕೊಂಡದ್ದು ಬೇಡವೇ ಬೇಡ. ಅಂಗೈಯಲ್ಲಿ ಹಿಡಿಯುವಂಥದ್ದು ಏನಾದರೂ ಸರಿ.’

ಬೆಳಗಿನ ಶಾಲೆ. ಇನ್ನೂ ಚಳಿ. ಜಮಖಾನ ಹಾಸಿ ಎಲ್ಲರ ಕೈ ಬಿಚ್ಚಿಸಿದೆ. ಬಂದದ್ದು ಏನೇನು ಅಂತೀರಿ! ಹುಂಜದ ಪುಕ್ಕ. ಒಲೆಯ ಬೂದಿ, ಕಾಗದದಲ್ಲಿ ಕಟ್ಟಿದ್ದು. ಒಣಮೆಣಸಿನಕಾಯಿ. ಶೇಂಗಾ ಬೀಜದ ಸಿಪ್ಪೆ. ಯಾವುದೋ ಜೀರುಂಡೆಯ ರೆಕ್ಕೆ, ಹೊಳೆಯುವ ಹಸಿರು. ಒಬ್ಬ ಎರಡು ಚೀಟಿಯಲ್ಲಿ ಎರಡು ಹೊಲದ ಮಣ್ಣು ತಂದಿದ್ದ, ಒಂದು ಎರೆ, ಒಂದು ಮಸಾರಿ. ಮಸಾರಿ ಅಂದರೆ ಇಲ್ಲಿಯ ಕೆಂಪು ನೆಲ. ಕಲ್ಲು ಕ್ವಾರಿಗೆ ಹೋಗುವವರ ಮಗ ಗ್ರಾನೈಟ್ ಚೂರು ತಂದಿದ್ದ. ಇಳಕಲ್ಲಿನ ಗುಲಾಬಿ-ಕೆಂಪು ಗ್ರಾನೈಟ್ ಹೊರದೇಶಕ್ಕೂ ಹೋಗುತ್ತದೆ, ಆದರೆ ನಮ್ಮ ಮಕ್ಕಳಿಗೆ ಅದು ಕುಂಟೆಬಿಲ್ಲೆ ಆಡುವ ಕಲ್ಲು.

ಜಾಸ್ತಿ ಬಂದದ್ದು ಮಾತ್ರ ನೂಲು. ನಮ್ಮದು ಇಳಕಲ್ಲಿಗೆ ಹತ್ತಿರದ ಊರು. ಕ್ಲಾಸಿನ ಅರ್ಧದಷ್ಟು ಮಕ್ಕಳ ಮನೆಯಲ್ಲಿ ಮಗ್ಗ ಇದೆ, ಇಲ್ಲವೇ ಮಗ್ಗಕ್ಕೆ ಕಂಡಿಕೆ (ಲಾಳಿಯೊಳಗೆ ಇಡುವ ನೂಲಿನ ಸುರುಳಿ) ಸುತ್ತಿಕೊಡುವ ಅಜ್ಜಿ ಇದ್ದಾಳೆ. ಕತ್ತರಿಸಿ ಉಳಿದ ನೂಲಿನ ತುಂಡುಗಳು, ರೇಷ್ಮೆ ಎಳೆಗಳು, ಸಣ್ಣ ಸಣ್ಣ ಗಂಟುಗಳು. ಜಮಖಾನದ ಮೇಲೆ ಒಂದು ರಾಶಿಯೇ ಆಯಿತು.

ಒಂದು ನೂಲು ಎತ್ತಿ ಹಿಡಿದು ಕೇಳಿದೆ, ‘ಇದು ಯಾವ ಬಣ್ಣ?’

‘ಕೆಂಪು’ ಅಂತ ಇಡೀ ಕ್ಲಾಸು.

ಇನ್ನೊಂದು ಎತ್ತಿದೆ. ‘ಇದು?’

‘ಕೆಂಪು.’

ಎರಡನ್ನೂ ಪಕ್ಕ ಪಕ್ಕ ಹಿಡಿದೆ. ಹಿಂದಿನ ಸಾಲಿನಲ್ಲಿ ಕೂತಿದ್ದ, ಮಾತೇ ಆಡದ ಒಬ್ಬ ಹುಡುಗಿ ಎದ್ದಳು. ‘ಅಕ್ಕೋರ, ಅದು ಬರೇ ಕೆಂಪಲ್ರಿ. ಗಿರಿ ಕುಂಕುಮ ಐತ್ರಿ. ಇನ್ನೊಂದು ದಾಳಂಬ್ರಿ.’

ಅಲ್ಲಿಂದ ಬಾಯಿ ಕಟ್ಟು ಬಿಚ್ಚಿತು. ಇದು ನವಿಲಿನ ಹಸಿರು, ಅದು ಗಿಣಿ ಹಸಿರು. ಇದು ಉಳ್ಳಾಗಡ್ಡಿ ಸಿಪ್ಪೆ ಬಣ್ಣ. ಅದು ಬದನೆಕಾಯಿ. ಕಪ್ಪು ಸೀರೆಯಾದರೆ ಅದಕ್ಕೆ ಚಂದ್ರಕಾಳಿ ಅಂತಾರೆ. ಕೆಂಪು ರೇಷ್ಮೆ ಎಳೆ ಸೆರಗಿನದು, ಟೋಪ ತೆನಿ ಅನ್ನೋ ಸೆರಗಿನ ವಿನ್ಯಾಸಕ್ಕೆ ಹಾಕೋದು, ಅದರ ಜೊತೆ ಬಿಳಿ ಬೇಕೇ ಬೇಕು. ನೋಟ್‌ಬುಕ್ಕಿನಲ್ಲಿ ‘ಹಚ್ಚ ಹಸಿರು’ ಬಿಟ್ಟು ಬೇರೆ ಹಸಿರು ಗೊತ್ತಿಲ್ಲದ ಮಕ್ಕಳು ಇವರೇನಾ? ಬಣ್ಣದ ಪದ ಇವರಿಗೆ ನಾನು ಕಲಿಸಬೇಕಾಗಿಯೇ ಇರಲಿಲ್ಲ. ಮನೆಯ ಮಾತನ್ನು ನೋಟ್‌ಬುಕ್ಕಿನೊಳಗೆ ತರಬಹುದು ಅಂತ ಇವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ‘ಉಳ್ಳಾಗಡ್ಡಿ ಸಿಪ್ಪಿ ಬಣ್ಣ ಅಂತ ಬರದ್ರ ನಡೀತೈತೇನ್ರಿ?’ ಅಂತ ಒಬ್ಬ ಕೇಳಿದ. ಈರುಳ್ಳಿ ಅಂತ ತಿದ್ದಬೇಕಾ ಅನ್ನುವುದು ಅವನ ಚಿಂತೆ. ನಡೆಯುತ್ತೆ ಅಂದೆ.

ಆಮೇಲೆ ಆಟ. ಇದರ ನಿಯಮ ಸಣ್ಣದು, ಆದರೆ ನನ್ನ ಪ್ರಕಾರ ಇಡೀ ಪಾಠ ಇದರಲ್ಲೇ ಇದೆ. ರಾಶಿಯಿಂದ ಒಂದನ್ನು ಮನಸ್ಸಿನಲ್ಲೇ ಆರಿಸಿಕೊಳ್ಳಬೇಕು, ಮುಟ್ಟಬಾರದು. ಅದರ ಬಣ್ಣವನ್ನು ಒಂದೇ ವಾಕ್ಯದಲ್ಲಿ ಚೀಟಿಯಲ್ಲಿ ಬರೆಯಬೇಕು. ವಸ್ತುವಿನ ಹೆಸರು ಹೇಳಬಾರದು. ಕೆಂಪು, ಹಸಿರು, ಹಳದಿ, ನೀಲಿ, ಕಪ್ಪು, ಬಿಳಿ ಅಂತ ಬರಿದಾಗಿ ಬರೆಯುವ ಹಾಗೂ ಇಲ್ಲ. ಚೀಟಿಯನ್ನು ಇನ್ನೊಬ್ಬರು ಓದಿ ರಾಶಿಯಿಂದ ಅದೇ ವಸ್ತುವನ್ನು ಎತ್ತಬೇಕು. ಎತ್ತಿದರೆ ಬರೆದವರಿಗೂ ಓದಿದವರಿಗೂ ಒಂದೊಂದು ಪಾಯಿಂಟ್.

ಈ ಆಟದಲ್ಲಿ ಟೀಚರಿಗೆ ಕೆಲಸವೇ ಇಲ್ಲ. ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ನಾನು ಹೇಳಬೇಕಾಗಿಲ್ಲ. ‘ತುಂಬಾ ಸುಂದರವಾದ ಬಣ್ಣ’ ಅಂತ ಬರೆದ ಹುಡುಗನ ಚೀಟಿ ಓದಿದವಳು ರಾಶಿಯ ಮುಂದೆ ನಿಂತು, ‘ಎಲ್ಲಾನೂ ಚಂದ ಅದಾವು, ಯಾವುದು ತಗೊಳ್ಲಿ?’ ಅಂತ ಬೈದಳು. ಅವನಿಗೆ ಅರ್ಥವಾಯಿತು. ನಾನು ಕೆಂಪು ಪೆನ್ನಿನಲ್ಲಿ ವರ್ಷವಿಡೀ ಗೆರೆ ಎಳೆದಿದ್ದರೂ ಹಾಗೆ ಅರ್ಥವಾಗುತ್ತಿರಲಿಲ್ಲ.

ಎರಡನೇ ಸುತ್ತಿಗೆ ಚೀಟಿಗಳು ಬದಲಾದವು. ‘ರೊಟ್ಟಿ ಹೆಂಚಿನ ಮೇಲೆ ಜಾಸ್ತಿ ಹೊತ್ತು ಇದ್ದರೆ ಬರುವ ಚುಕ್ಕೆ.’ ಇದು ಶೇಂಗಾ ಸಿಪ್ಪೆ ಇರಬಹುದು ಅಂತ ನಾನು ಅಂದುಕೊಂಡೆ, ಓದಿದವನು ಸರಿಯಾಗಿ ಹುಂಜದ ಪುಕ್ಕ ಎತ್ತಿದ. ‘ಅಮ್ಮನ ಕಾಲು ಹೊಲದಿಂದ ಬಂದಾಗ.’ ಇದಕ್ಕೆ ಸ್ವಲ್ಪ ಜಗಳ ಆಯಿತು. ಎರೆ ಹೊಲದವರ ಅಮ್ಮನ ಕಾಲೇ ಬೇರೆ, ಮಸಾರಿ ಹೊಲದವರ ಅಮ್ಮನ ಕಾಲೇ ಬೇರೆ ಅಲ್ವಾ! ಬರೆದವಳ ಹೊಲ ಯಾವುದು ಅಂತ ಗೊತ್ತಿದ್ದ ಗೆಳತಿ ಸರಿಯಾದ ಮಣ್ಣನ್ನೇ ಎತ್ತಿದಳು.

ಗ್ರಾನೈಟ್ ಚೂರಿನ ಹುಡುಗ ಮಾತ್ರ ಬರೆಯದೆ ಕೂತಿದ್ದ. ಕೇಳಿದರೆ, ‘ಇದರ ಬಣ್ಣ ಈಗ ಇಲ್ರಿ’ ಅಂದ. ನೀರು ಬೇಕಂತೆ. ಬಾಟಲಿಯಿಂದ ನಾಲ್ಕು ಹನಿ ಹಾಕಿದ. ಧೂಳು ಹಿಡಿದು ಮಂಕಾಗಿದ್ದ ಕಲ್ಲು ಕೆಂಪಗೆ ಹೊಳೆಯಿತು. ‘ನೀರು ಬಿದ್ರ ಬಣ್ಣ ಏಳ್ತೈತ್ರಿ. ಆರಿದ್ರ ಮತ್ತ ಮಲಗ್ತೈತಿ.’ ಕ್ವಾರಿಯಲ್ಲಿ ಅವನಪ್ಪನೂ ಹಾಗೇ ಹೇಳುತ್ತಾನೋ, ಇವನೇ ಕಟ್ಟಿದ ಮಾತೋ ಗೊತ್ತಿಲ್ಲ. ಬಣ್ಣ ಏಳುವುದು, ಮಲಗುವುದು.

ಅದನ್ನೇ ಹಿಡಿದುಕೊಂಡು ಸ್ವಲ್ಪ ಹೊತ್ತು ಕ್ರಿಯಾಪದಗಳ ಕಡೆ ಹೋದೆವು. ಬಣ್ಣ ಅಂದರೆ ವಿಶೇಷಣ, ವಸ್ತುವಿನ ಹೆಸರಿಗೆ ಅಂಟಿಸುವುದು ಅಂತ ನಾವು ಕಲಿಸುತ್ತೇವೆ. ಆದರೆ ನಮ್ಮ ಮಾತಿನಲ್ಲಿ ಬಣ್ಣ ಸುಮ್ನೆ ಕೂರುವುದೇ ಇಲ್ಲ. ಮೆಣಸಿನಕಾಯಿ ಕೆಂಪೇರುತ್ತದೆ. ಅಂಗಿ ಮಾಸುತ್ತದೆ. ಹೊಸ ಸೀರೆ ಬಣ್ಣ ಬಿಡುತ್ತದೆ, ಪಕ್ಕದ ಬಟ್ಟೆಗೆ ಹತ್ತುತ್ತದೆ. ಜ್ವರ ಬಂದವರ ಮುಖ ಬಿಳಿಚಿಕೊಳ್ಳುತ್ತದೆ. ಕೂದಲು ನರೆಯುತ್ತದೆ, ಹೂವು ಕಂದುತ್ತದೆ, ಹಾಲು ತಳ ಹಿಡಿದರೆ ಸೀಯುತ್ತದೆ. ಮಕ್ಕಳಿಗೆ ಇದು ಬಹಳ ಬೇಗ ಹತ್ತಿತು. ಹೊಲದಲ್ಲಿ ಯಾವುದರ ಬಣ್ಣ ಬದಲಾಗುತ್ತದೆ ಅಂತ ಕೇಳಿದ್ದಕ್ಕೆ ಕೈಗಳು ಮೇಲೆ ಎದ್ದವು. ಒಬ್ಬಳು ಹತ್ತಿ ಹೂವಿನ ಸುದ್ದಿ ತೆಗೆದಳು. ಮೊದಲ ದಿನ ಬೆಣ್ಣೆಯ ಹಾಗೆ ಇರುತ್ತದೆ, ಮರುದಿನ ಗುಲಾಬಿಯಾಗಿ ಮುದುಡುತ್ತದೆ, ಆಮೇಲೆ ಉದುರುತ್ತದೆ. ಸಸ್ಯಶಾಸ್ತ್ರದ ಪುಸ್ತಕದಲ್ಲೂ ಹಾಗೇ ಇದೆ. ಆದರೆ ಇವಳಿಗೆ ಪುಸ್ತಕ ಬೇಕಾಗಿಲ್ಲ, ರಜೆಯಲ್ಲಿ ಹತ್ತಿ ಬಿಡಿಸಲು ಹೋಗುತ್ತಾಳೆ.

ನೂಲಿನ ರಾಶಿಯ ಮಧ್ಯೆ ಒಂದು ಬಟ್ಟೆಯ ಚೂರೂ ಇತ್ತು. ತಿರುಗಿಸಿದರೆ ಬೇರೆ ಬೇರೆ ಬಣ್ಣ ಕಾಣುವಂಥದ್ದು. ಇದನ್ನು ಏನಂತ ಬರೆಯುವುದು ಅಂತ ಎಲ್ಲರೂ ಒದ್ದಾಡುತ್ತಿದ್ದರು. ಗಿರಿ ಕುಂಕುಮದ ಹುಡುಗಿಯೇ ಮತ್ತೆ ಎದ್ದಳು. ‘ಎರಡು ಬಣ್ಣ ಅದಾವ್ರಿ ಅಕ್ಕೋರ. ಹಾಸು ಕಪ್ಪು, ಹೊಕ್ಕು ಕೆಂಪು. ಹಿಂಗ ಹಿಡದ್ರ ಒಂದು ಕಾಣ್ತೈತಿ, ಹಂಗ ಹಿಡದ್ರ ಒಂದು.’

ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು ಹಾಸು. ಲಾಳಿ ಅಡ್ಡಕ್ಕೆ ಓಡುತ್ತಾ ಬಿಟ್ಟು ಹೋಗುವ ಎಳೆ ಹೊಕ್ಕು. ಎರಡಕ್ಕೂ ಬೇರೆ ಬಣ್ಣ ಹಾಕಿದರೆ ಬಟ್ಟೆಗೆ ಯಾವ ಒಂದು ಬಣ್ಣವೂ ಪೂರ್ತಿ ಸಿಗುವುದಿಲ್ಲ. ಬೆಳಕು ಬಿದ್ದ ಕಡೆ ಒಂದು, ಮಡಿಕೆಯಲ್ಲಿ ಇನ್ನೊಂದು. ಅವಳು ಎರಡು ಕೈ ಬೆರಳುಗಳನ್ನು ಒಂದರೊಳಗೊಂದು ಸೇರಿಸಿ ಅದನ್ನು ತೋರಿಸಿದಳು. ಉಳಿದವರು ತಮ್ಮ ತಮ್ಮ ಬೆರಳು ಸೇರಿಸಿ ನೋಡಿಕೊಂಡರು. ಮಗ್ಗ ಇಲ್ಲದ ಮನೆಯ ಮಕ್ಕಳು ಕೂಡ.

ಆಟದಲ್ಲಿ ಒಬ್ಬ ಹುಡುಗ ಪದೇ ಪದೇ ಸೋಲುತ್ತಿದ್ದ. ‘ಹಣ್ಣಾಗದ ಮೆಣಸಿನಕಾಯಿ’ ಅನ್ನುವ ಚೀಟಿಗೆ ಕಂದು ನೂಲು ಎತ್ತಿದ. ಎಲ್ಲರೂ ನಕ್ಕರು. ಅವನೂ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಮುಂದಿನ ಚೀಟಿಗೂ ಹಾಗೇ. ಮುಖ ನೋಡಿದರೆ ತಮಾಷೆಯಲ್ಲ. ಆಟದ ದಾರಿ ಬದಲಿಸಿ ಅವನನ್ನು ಪಾಯಿಂಟ್ ಬರೆದುಕೊಳ್ಳಲು ಕೂರಿಸಿದೆ. ಸಂಜೆ ಅವನ ಅಮ್ಮನನ್ನು ಮಾತಾಡಿಸಿದಾಗ ಅವರು ಸಹಜವಾಗಿಯೇ ಹೇಳಿದರು, ‘ಅಂವ ಬಿಳಿದು, ಕರೇದು ಅಷ್ಟs ಕಂಡಿಕಿ ಸುತ್ತತಾನ್ರಿ. ಬಣ್ಣದ್ದು ಕೊಟ್ರ ಕಲಸಿಬಿಡ್ತಾನ.’ ಮನೆಯಲ್ಲಿ ಗೊತ್ತಿತ್ತು, ಅದಕ್ಕೊಂದು ಹೆಸರಿದೆ ಅಂತ ಗೊತ್ತಿರಲಿಲ್ಲ. ಕೆಂಪು-ಹಸಿರು ಬೇರೆ ಬೇರೆ ಕಾಣದ ಈ ತೊಂದರೆ ಹುಟ್ಟಿನಿಂದ ಬರುವುದು, ಸಾಮಾನ್ಯವಾಗಿ ತಾಯಿಯ ಕಡೆಯಿಂದ, ಹೆಚ್ಚಾಗಿ ಗಂಡುಮಕ್ಕಳಲ್ಲಿ. ದೃಷ್ಟಿ ಮಂದ ಅಂತ ಅಲ್ಲ, ಬುದ್ಧಿ ಮಂದ ಅಂತಂತೂ ಅಲ್ಲವೇ ಅಲ್ಲ. ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ, ಮುಂದೆ ಕೆಲಸ ಆರಿಸಿಕೊಳ್ಳುವಾಗ ತಿಳಿದಿದ್ದರೆ ಒಳ್ಳೆಯದು ಅಂತ ಹೇಳಿ ಬಂದೆ. ಬಣ್ಣದ ಪಾಠ ಮಾಡುವ ಟೀಚರುಗಳು ಇದೊಂದನ್ನು ತಲೆಯಲ್ಲಿ ಇಟ್ಟುಕೊಂಡರೆ ಒಳ್ಳೆಯದು. ‘ಬಣ್ಣ ತಪ್ಪು’ ಅಂತ ಅಂಕ ಕಳೆಯುವ ಮುಂಚೆ.

ಸೋಮವಾರ ಅದೇ ಪ್ರಬಂಧ ಮತ್ತೆ ಬರೆಸಿದೆ. ಒಂದೇ ಷರತ್ತು. ಬಣ್ಣ ಎಷ್ಟು ಬೇಕಾದರೂ ಇರಲಿ, ಇಲ್ಲದಿದ್ದರೂ ಇರಲಿ. ಆದರೆ ಒಂದು ಕಡೆಯಾದರೂ ಓದಿದವರಿಗೆ ‘ಇವನು ಅಲ್ಲಿ ನಿಂತು ನೋಡಿದ್ದಾನೆ’ ಅಂತ ಅನ್ನಿಸಬೇಕು.

ಎಲ್ಲರದ್ದೂ ಚಿನ್ನ ಆಗಿಬಿಟ್ಟಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಕೆಲವರಿಗೆ ಆಟದ ಹುಚ್ಚು ಇಳಿದಿರಲಿಲ್ಲ. ಒಬ್ಬಳ ಹೊಲದಲ್ಲಿ ನವಿಲಿನ ಹಸಿರು ಜೋಳ, ಗಿಣಿ ಹಸಿರು ಕಡಲೆ, ದಾಳಿಂಬೆ ಕೆಂಪು ಅಪ್ಪ! ಬಿಸಿಲಿಗೆ ಅಪ್ಪನ ಮುಖ ಕೆಂಪಾಗಿತ್ತು ಅಂತ ಆಮೇಲೆ ವಿವರಣೆ ಕೊಟ್ಟಳು. ಹಳೆಯ ‘ಪ್ರಕೃತಿ ಸುಂದರವಾಗಿತ್ತು’ ಒಂದಷ್ಟು ಕಡೆ ಹಾಗೇ ಉಳಿದಿತ್ತು. ಇರಲಿ.

ಆದರೆ ಕೆಲವು ವಾಕ್ಯಗಳನ್ನು ನಾನು ನನ್ನ ಡೈರಿಯಲ್ಲಿ ಬರೆದಿಟ್ಟುಕೊಂಡೆ. ‘ಸಜ್ಜಿ ರೊಟ್ಟಿ ನಮ್ಮ ಎಮ್ಮೆಯ ಕಿವಿಯ ಬಣ್ಣ ಇತ್ತು, ಅದರ ಮೇಲೆ ಎಳ್ಳು.’ ‘ಅಜ್ಜ ಕುಸುಬಿ ಹೂವು ಮುಟ್ಟಬೇಡ ಅಂದ, ನಾನು ಮುಟ್ಟಿದೆ, ಬೆರಳು ಹಳದಿಯಾಯಿತು, ಅಜ್ಜನಿಗೆ ಗೊತ್ತಾಯಿತು.’ ಇದರಲ್ಲಿ ಇರುವುದು ಒಂದೇ ಬಣ್ಣ, ಅದೂ ಬರೀ ಹಳದಿ. ಗಿಣಿ ಇಲ್ಲ, ನವಿಲು ಇಲ್ಲ. ಆದರೆ ಆ ಹಳದಿ ಕಳ್ಳನನ್ನು ಹಿಡಿದುಕೊಟ್ಟಿತಲ್ಲ! ಇಡೀ ಕ್ಲಾಸಿನಲ್ಲಿ ನನಗೆ ಬಹಳ ಹಿಡಿಸಿದ ಬಣ್ಣದ ಪದ ಇದೇ.

ಪಾಯಿಂಟ್ ಬರೆದುಕೊಂಡ ಹುಡುಗನ ಪುಟದಲ್ಲಿ ಬಣ್ಣವೇ ಇರಲಿಲ್ಲ. ‘ಮುಂಜಾನೆ ಜೋಳದ ಎಲೆ ಹೊಳೆಯುತ್ತಿತ್ತು. ಮಧ್ಯಾಹ್ನ ಹೊಳಪು ಹೋಯಿತು. ಕಡಲೆ ಗಿಡ ಮುಟ್ಟಿ ಬೆರಳು ನೆಕ್ಕಿದರೆ ಹುಳಿ.’ ಕಡಲೆ ಗಿಡದ ಎಲೆಯ ಮೇಲೆ ನಿಜಕ್ಕೂ ಹುಳಿ ಇರುತ್ತದೆ. ಹಿಂದೆಲ್ಲ ರಾತ್ರಿ ಗಿಡದ ಮೇಲೆ ಬಟ್ಟೆ ಹಾಸಿ, ಇಬ್ಬನಿಯ ಜೊತೆ ಆ ಹುಳಿಯನ್ನು ಹಿಂಡಿ ಔಷಧಿಗೆ ಇಟ್ಟುಕೊಳ್ಳುತ್ತಿದ್ದರು. ಅವನು ಷರತ್ತು ಪೂರೈಸಿದ್ದ.

ಹಾಸು-ಹೊಕ್ಕಿನ ಹುಡುಗಿ ಬರೆದದ್ದು ಅರ್ಧ ಪುಟ. ಅದರ ಕೊನೆಯ ಸಾಲು: ‘ನಾವು ಮನೆಗೆ ಬರುವಾಗ ಚಂದ್ರ ಇರಲಿಲ್ಲ, ಆಕಾಶ ಹಾಸು ಕಪ್ಪು ಹೊಕ್ಕು ನೀಲಿ ಇತ್ತು.’

ಸ್ಟಾಫ್ ರೂಮಿನಲ್ಲಿ ಇದನ್ನು ಓದಿ ತೋರಿಸಿದೆ. ಇಳಕಲ್ಲಿನವರೇ ಆದ ಹಿರಿಯ ಟೀಚರ್ ಒಬ್ಬರು ಆ ಸಾಲನ್ನು ಎರಡು ಸಲ ಓದಿಸಿಕೊಂಡರು. ಗಣಿತದ ಸರ್ ಮಾತ್ರ, ‘ಚಲೋ ಐತಿ ಮೇಡಂ. ಪರೀಕ್ಷೆಯೊಳಗ ಇದನ್ನ ತಿದ್ದೋರು ಹಾಸನದವರಾಗಿದ್ರ ಏನ್ ಮಾಡ್ತೀರಿ?’ ಅಂದರು. ನನ್ನನ್ನೇ ಚುಚ್ಚಿದ್ದು. ಪ್ರಶ್ನೆ ಸುಳ್ಳಲ್ಲ. ತಿದ್ದುವವರಿಗೆ ಹೊಕ್ಕು ಅಂದರೆ ಗೊತ್ತಿಲ್ಲದಿದ್ದರೆ ಅಲ್ಲೊಂದು ಕೆಂಪು ಗೆರೆ ಬೀಳಬಹುದು. ಬಿದ್ದರೂ ಆ ವಾಕ್ಯವನ್ನು ನಾನಂತೂ ತಿದ್ದುವುದಿಲ್ಲ ಅಂದೆ. ಹಾಸನದವಳಿಗೆ ಗೊತ್ತಿಲ್ಲದ ಒಂದು ಪದ ಹಾಸನದವಳು ಕಲಿಯಲಿ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ ಗೇಟಿನ ಹತ್ತಿರ ಗಲಾಟೆ. ಇಬ್ಬರು ಅಜ್ಜಿಯರು, ಇಬ್ಬರ ಕೈಯಲ್ಲೂ ಒಂದೊಂದು ನೂಲು. ಶನಿವಾರ ಕ್ಲಾಸಿನಲ್ಲಿ ಗಿರಿ ಕುಂಕುಮ ಅಂತ ಹೇಳಿದ್ದು ಗಿರಿ ಕುಂಕುಮವೇ ಅಲ್ಲವಂತೆ. ಮೊಮ್ಮಗ ಮನೆಗೆ ಹೋಗಿ ಹೇಳಿದಾಗಿನಿಂದ ಒಬ್ಬ ಅಜ್ಜಿಗೆ ಸಮಾಧಾನ ಇಲ್ಲ. ಗಿರಿ ಕುಂಕುಮ ಅಂದರೆ ಇನ್ನೂ ಗಾಢ, ಹಿಂದೆ ಪೂಜಾರಿಗಳ ಮನೆಯ ಹೆಂಗಸರು ಹಣೆಗೆ ಇಡುತ್ತಿದ್ದ ಕುಂಕುಮದ ಹಾಗೆ ಇರಬೇಕು ಅಂತ ಅವರ ವಾದ. ಇನ್ನೊಬ್ಬರು ಹುಡುಗಿಯ ಅಜ್ಜಿ. ತಮ್ಮ ಮನೆಯಲ್ಲಿ ಮಾವನ ಕಾಲದಿಂದ ಇದನ್ನೇ ಗಿರಿ ಕುಂಕುಮ ಅಂತ ನೇಯ್ದಿದ್ದೇವೆ, ಈಗ ಇವಳು ಬಂದು ಅಲ್ಲ ಅಂದರೆ? ಎರಡು ನೂಲನ್ನೂ ಬಿಸಿಲಿಗೆ ಹಿಡಿದರು, ನೆರಳಿಗೆ ಹಿಡಿದರು. ನಾಲಗೆಗೆ ಹಚ್ಚಿ ಒದ್ದೆ ಮಾಡಿ ನೋಡಿದರು. ಗ್ರಾನೈಟ್ ಹುಡುಗ ಊಟದ ತಟ್ಟೆ ಹಿಡಿದುಕೊಂಡೇ, ‘ನೋಡ್ರಿ, ಈಗ ಎದ್ದಿತು’ ಅಂದ.

‘ಅಕ್ಕೋರ, ನೀವs ಹೇಳ್ರಿ. ಯಾವುದು ಖರೆ?’

ನಾನು ಹಾಸನದ ಕಡೆಯವಳು, ನನಗೆ ಎರಡೂ ಕೆಂಪಾಗಿಯೇ ಕಾಣುತ್ತವೆ ಅಂದೆ.

‘ಹಂಗಾರ ಬಿಡ್ರಿ, ನಿಮಗೇನ್ ತಿಳೀತೈತಿ’ ಅಂತ ಇಬ್ಬರೂ ಒಮ್ಮೆಲೇ ಅಂದರು. ಆ ಒಂದು ಮಾತಿನಲ್ಲಿ ಅವರಿಗೆ ಒಮ್ಮತ ಇತ್ತು. ನೂಲಿಗೆ ಬಣ್ಣ ಹಾಕುವವರ ಮನೆ ಮುಂದಿನ ಓಣಿಯಲ್ಲೇ ಇದೆ, ಅಲ್ಲಿ ಹೋಗಿ ಕೇಳೋಣ ಅಂತ ಹೊರಟರು. ಹಿಂದೆಯೇ ಹೊರಟಿದ್ದ ನನ್ನ ಅರ್ಧ ಕ್ಲಾಸನ್ನು ಗೇಟಿನಲ್ಲೇ ತಡೆದು ಒಳಗೆ ಕರೆತರುವಷ್ಟರಲ್ಲಿ ಬೆಲ್ ಹೊಡೆದಿತ್ತು.